ಸಾಸಿವೆ ಸಿಗಲಿಲ್ಲ, ಆಮೇಲೆ?

ಸಾಸಿವೆ ಕಾಳಿನ ಕಥೆ ಯಾರಿಗೆ ತಿಳಿಯದು? ಕಿಸಾಗೋತಮಿಯ ಮಗು ಸಾಯುತ್ತದೆ. ಆ ಹೆಣವನ್ನು ಕಂಕುಳಲ್ಲಿಟ್ಟುಕೊಂಡು ಆಕೆ ಔಷಧಿಗಾಗಿ ಬೀದಿ ಬೀದಿ ಅಲೆಯುತ್ತಾಳೆ. ಸಾವು ಕಾಣದ ಮನೆಯಿಂದ ಒಂದಿಷ್ಟು ಸಾಸಿವೆ ತಾ ಎಂದು ಬುದ್ಧ ಹೇಳುತ್ತಾನೆ. ಸಾಸಿವೆ ಪ್ರತಿ ಮನೆಯಲ್ಲೂ ಇದೆ, ಸಾವು ಕಾಣದ ಮನೆ ಮಾತ್ರ ಒಂದೂ ಇಲ್ಲ. ಇಪ್ಪತ್ತೇಳು ವರ್ಷಗಳ ಶಿಕ್ಷಕಿ ವೃತ್ತಿಯಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೊನೆಗೆ 'ಇದರ ನೀತಿ ಏನು?' ಎಂದು ಕೇಳಿದರೆ ಮಕ್ಕಳು ಒಂದೇ ರಾಗದಲ್ಲಿ 'ಹುಟ್ಟಿದವರು ಸಾಯಲೇಬೇಕು' ಎನ್ನುತ್ತಾರೆ. ನಾನು ಸೀಮೆಸುಣ್ಣ ಕೆಳಗಿಟ್ಟು ಕೈ ಝಾಡಿಸಿಕೊಳ್ಳುತ್ತೇನೆ. ಅಲ್ಲಿಗೆ ಪಾಠ ಮುಗಿಯಿತು.

ಒಮ್ಮೆ ಈ ಕಥೆಯನ್ನು ತರಗತಿಯ ಹೊರಗೆ ಹೇಳಲು ಹೋಗಿ ಪೆಟ್ಟು ತಿಂದೆ. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳ ನಾಲ್ಕು ವರ್ಷದ ಮಗ ಜ್ವರದಿಂದ ತೀರಿಕೊಂಡಿದ್ದ. ಮಾತಾಡಿಸಲು ಹೋದೆ. ಏನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯದಾಗ ಶಿಕ್ಷಕರು ಮಾಡುವುದನ್ನೇ ನಾನೂ ಮಾಡಿದೆ, ಪಾಠ ಹೇಳಿದೆ. ಅವಳು ಗೋಡೆಗೆ ಒರಗಿ ಕೂತು ಕಥೆಯನ್ನೆಲ್ಲ ಕೇಳಿದಳು. ಒಳಗಿನ ಕೋಣೆಯಲ್ಲಿ ಅವಳ ಅತ್ತೆ ಯಾರಿಗೋ, ಆಸ್ಪತ್ರೆಗೆ ಒಂದು ದಿನ ಮೊದಲೇ ಕರೆದುಕೊಂಡು ಹೋಗಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಹೇಳುತ್ತಿದ್ದದ್ದು ನಮ್ಮಿಬ್ಬರಿಗೂ ಕೇಳಿಸುತ್ತಿತ್ತು. ಕಥೆ ಮುಗಿದ ಮೇಲೆ ಅವಳು ಮೆಲ್ಲಗೆ, "ಸಾಸಿವಿ ಸಿಗಲಿಲ್ಲ, ಖರೆ ಅಕ್ಕೋರ. ಆಮ್ಯಾಲೆ ಆಕಿ ಎಲ್ಲಿಗೆ ಹೋದ್ಲು? ಮತ್ತ ಅದ ಮನಿಗೇನು?" ಎಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಆ ಪ್ರಶ್ನೆಯೇ ನನ್ನನ್ನು 'ಥೇರೀಗಾಥಾ' ಓದಲು ಹಚ್ಚಿತು. ಬುದ್ಧನ ಸಂಘದ ಹಿರಿಯ ಭಿಕ್ಷುಣಿಯರದೆಂದು ಪರಂಪರೆ ನಂಬಿರುವ 73 ಹಾಡುಗಳ ಪಾಲಿ ಸಂಕಲನವಿದು. ನನಗೆ ಪಾಲಿ ಬಾರದು. 1909ರಲ್ಲಿ ಕ್ಯಾರೊಲಿನ್ ರೈಸ್ ಡೇವಿಡ್ಸ್ ಮತ್ತು 2015ರಲ್ಲಿ ಚಾರ್ಲ್ಸ್ ಹ್ಯಾಲಿಸಿ ಮಾಡಿದ ಇಂಗ್ಲಿಷ್ ಅನುವಾದಗಳನ್ನು ಎದುರಿಗಿಟ್ಟುಕೊಂಡು, ನಿಘಂಟು ತಿರುವುತ್ತ ಓದಿದೆ. ಕಿಸಾಗೋತಮಿಯ ಹೆಸರಿನ ಹಾಡು ಬಂದಾಗ ಮೊದಲು ಹುಡುಕಿದ್ದು ಸಾಸಿವೆಯನ್ನೇ. ಆದರೆ ಆ ಹಾಡಿನಲ್ಲಿ ಸಾಸಿವೆ ಇಲ್ಲವೇ ಇಲ್ಲ! ಅದು ಹಲವು ಶತಮಾನಗಳ ಅನಂತರ ಬರೆದ ವ್ಯಾಖ್ಯಾನಗಳಲ್ಲಿ ಬರುವ ಕಥೆ.

ಹಾಗಾದರೆ ಹಾಡು ಯಾವುದರಿಂದ ಶುರುವಾಗುತ್ತದೆ? ಸಾವಿನಿಂದಲ್ಲ, ಒಳ್ಳೆಯ ಗೆಳೆತನದ ಹೊಗಳಿಕೆಯಿಂದ. ಪಾಲಿಯಲ್ಲಿ ಅದಕ್ಕೆ 'ಕಲ್ಯಾಣಮಿತ್ತತಾ' ಎನ್ನುತ್ತಾರೆ. ಒಳ್ಳೆಯವರ ಜೊತೆ ಸಿಕ್ಕರೆ ತಿಳಿಗೇಡಿಯೂ ತಿಳಿವಳಿಕಸ್ಥನಾದಾನು, ದುಃಖದಿಂದ ಬಿಡುಗಡೆ ಸಿಕ್ಕೀತು ಎಂಬ ಅರ್ಥದ ಮಾತುಗಳನ್ನು ಮೊದಲಿಗೇ ಹೇಳಿ, ಆಕೆ ಅನಂತರ ಹೆಣ್ಣಿನ ಕಷ್ಟಗಳಿಗೆ ಬರುತ್ತಾಳೆ. ಸವತಿಯರೊಂದಿಗೆ ಬಾಳುವ ಸಂಕಟ, ಹೆರಿಗೆಯ ಸಂಕಟ, ಅದನ್ನು ತಾಳಲಾರದೆ ಜೀವ ಕಳೆದುಕೊಂಡವರು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ನಮ್ಮ ಪಾಠದಲ್ಲಿ ಬುದ್ಧ ಕಲಿಸುತ್ತಾನೆ, ಆಕೆ ಕಲಿಯುತ್ತಾಳೆ. ಆಕೆಯ ಹಾಡಿನಲ್ಲಿ ಆಕೆಯೇ ಕಲಿಸುತ್ತಾಳೆ.

ವ್ಯಾಖ್ಯಾನದ ಕಥೆಯನ್ನಾದರೂ ನಾವು ಪೂರ್ತಿ ಹೇಳುತ್ತೇವೆಯೇ? ಅದೂ ಇಲ್ಲ. ಕಿಸಾ ಎಂದರೆ ಕೃಶಳು, ಬಡಕಲಾದವಳು. ಶ್ರಾವಸ್ತಿಯ ಬಡವರ ಮಗಳು. ಗಂಡನ ಮನೆಯಲ್ಲಿ ಅವಳನ್ನು ಬಡವರ ಮನೆಯವಳೆಂದು ಹೀನಾಯವಾಗಿ ಕಾಣುತ್ತಿದ್ದರು. ಗಂಡು ಮಗು ಹುಟ್ಟಿದ ಮೇಲೆಯೇ ಅವಳಿಗೆ ಮರ್ಯಾದೆ. ಆ ಮಗುವೇ ಹೋಯಿತು. ಈ ಮನೆಯಲ್ಲಿ ನನಗೆ ಬೆಲೆ ಬಂದದ್ದೇ ಈ ಮಗನಿಂದ, ಈಗ ಇವರು ಇವನನ್ನು ಒಯ್ದು ಬಿಸಾಡಿಬಿಡುತ್ತಾರೆ ಎಂದು ಹೆದರಿ ಅವಳು ಹೆಣವನ್ನು ಎತ್ತಿಕೊಂಡು ಹೊರಬೀಳುತ್ತಾಳೆ. ಇದನ್ನು ಓದಿದಾಗ ನನ್ನ ಕಿವಿಯಲ್ಲಿ ಮೊಳಗಿದ್ದು ಆ ಒಳಕೋಣೆಯ ದನಿ. ಹೆಣ ಹೊತ್ತು ತಿರುಗಿದವಳಿಗೆ ಹುಚ್ಚು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅವಳಿಗೆ ಹಿಡಿದದ್ದು ಹುಚ್ಚೊಂದೇ ಅಲ್ಲ. ನಿಂತ ನೆಲವೇ ಕುಸಿದಿತ್ತು. ಮಗನ ಜೊತೆಗೆ ಮನೆಯೂ ಹೋಗಿತ್ತು. 'ಎಲ್ಲರೂ ಸಾಯುತ್ತಾರೆ' ಎಂಬ ಮಾತು ಮೊದಲನೆಯ ದುಃಖಕ್ಕೆ ಸಮಾಧಾನವಾದೀತು. ಎರಡನೆಯದಕ್ಕೆ ಅದು ಉತ್ತರವೇ ಅಲ್ಲ.

ಎರಡನೆಯದಕ್ಕೆ ಉತ್ತರವಾದದ್ದು ಸಂಘ. ಮಗುವನ್ನು ಸುಡುಗಾಡಿನಲ್ಲಿ ಬಿಟ್ಟು ಬಂದ ಆಕೆ ಮನೆಗೆ ಮರಳಲಿಲ್ಲ. ದೀಕ್ಷೆ ಬೇಡಿ ಭಿಕ್ಷುಣಿಯರ ಜೊತೆ ಸೇರಿದಳು. ಮುಂದೆ ಒರಟು ಚೀವರ ಧರಿಸುವವರಲ್ಲಿ ಮೊದಲಿಗಳು ಎನಿಸಿಕೊಂಡಳು. ಬಡತನಕ್ಕಾಗಿ ಹಳಿಸಿಕೊಂಡವಳಿಗೆ ಒರಟು ಬಟ್ಟೆಯೇ ಗೌರವ ತಂದಿತು.

ಈ ಹಾಡಿನಲ್ಲಿ ಇನ್ನೊಂದು ವಿಚಿತ್ರವಿದೆ. ಕೊನೆಯ ಭಾಗದಲ್ಲಿ ಬರುವ ದುಃಖ ಕಿಸಾಗೋತಮಿಯದಲ್ಲ! ಹೆರಿಗೆ ಹತ್ತಿರವಾದಾಗ ದಾರಿಯಲ್ಲೇ ಗಂಡ ಸಾಯುವುದು, ಇಬ್ಬರು ಮಕ್ಕಳು ತೀರಿಕೊಳ್ಳುವುದು, ತಾಯಿ ತಂದೆ ಅಣ್ಣ ಮೂವರೂ ಒಂದೇ ಚಿತೆಯಲ್ಲಿ ಉರಿಯುವುದು, ಇದೆಲ್ಲ ಪಟಾಚಾರೆಯ ಕಥೆ. ಎರಡು ಹಾಡುಗಳು ಎಲ್ಲೋ ಬೆರೆತುಹೋಗಿವೆ ಎಂದು ಹೇಳಬಹುದು. ಪಟಾಚಾರೆಯ ಬದುಕನ್ನು ಈಕೆ ಉದಾಹರಿಸುತ್ತಿದ್ದಾಳೆ ಎಂದು ವ್ಯಾಖ್ಯಾನ ಹೇಳುತ್ತದೆ. ತೀರ್ಪು ಕೊಡುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಓದುಗಳಾಗಿ ನನಗೆ ಅದು ತಪ್ಪೆನಿಸುವುದಿಲ್ಲ. ಒಟ್ಟಿಗೆ ಕೂತು, ಒಟ್ಟಿಗೆ ಭಿಕ್ಷೆಗೆ ಹೋಗಿ, ರಾತ್ರಿ ಒಂದೇ ಸೂರಿನಡಿ ಮಲಗುವ ಹೆಂಗಸರಲ್ಲಿ ಒಬ್ಬಳ ದುಃಖ ಇನ್ನೊಬ್ಬಳ ಬಾಯಲ್ಲಿ 'ನಾನು' ಎಂದು ಬರುವುದು ಸಹಜ. ಬೀಸುವ ಕಲ್ಲಿನ ಮುಂದೆ ಹಾಡಿದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು.

ಆ ಪಟಾಚಾರೆಯೂ ಅಷ್ಟೇ. ಎಲ್ಲರನ್ನೂ ಕಳೆದುಕೊಂಡು ಮೈಮೇಲಿನ ಬಟ್ಟೆಯ ಅರಿವೂ ಇಲ್ಲದೆ ಅಲೆದವಳು ಮುಂದೆ ಸಂಘದ ನಿಯಮಗಳನ್ನು ಬಲ್ಲವರಲ್ಲಿ ಅಗ್ರಗಣ್ಯಳಾದಳು, ದೊಡ್ಡ ಗುರುವಾದಳು. ಚಂದಾ ಎಂಬ ವಿಧವೆಯ ಹಾಡು ನೋಡಿ. ಮಕ್ಕಳಿಲ್ಲ, ಬಂಧುಗಳಿಲ್ಲ, ಕೋಲು ಮತ್ತು ಭಿಕ್ಷಾಪಾತ್ರೆ ಹಿಡಿದು ಮನೆಯಿಂದ ಮನೆಗೆ ಅಲೆದಾಟ. ಹೀಗೆಯೇ ಏಳು ವರ್ಷ. ಒಂದು ದಿನ ಅನ್ನ ನೀರು ಸಿಕ್ಕಿದ್ದ ಭಿಕ್ಷುಣಿಯೊಬ್ಬಳನ್ನು ಕಂಡು, ನನ್ನನ್ನೂ ಸೇರಿಸಿಕೊಳ್ಳಿ ಎಂದಳು. ಹಸಿವಿನಿಂದ ಧರ್ಮಕ್ಕೆ ಬಂದೆ ಎಂದು ಹೇಳಿಕೊಳ್ಳಲು ಆಕೆಗೆ ನಾಚಿಕೆಯಿಲ್ಲ. ಸೇರಿಸಿಕೊಂಡವಳು ಪಟಾಚಾರೆ. ನಂಬಿಕೆ ಮೊದಲೋ, ಜೊತೆ ಮೊದಲೋ ಎಂಬ ಪ್ರಶ್ನೆಗೆ ಚಂದಾಳ ಉತ್ತರ ಸ್ಪಷ್ಟ. ಮೊದಲು ಒಂದು ತುತ್ತು, ಒಬ್ಬ ಅಕ್ಕ, ಧ್ಯಾನ ಆಮೇಲೆ.

ಸಂಘವೇ ಸ್ವರ್ಗವಾಗಿತ್ತು ಎಂದು ನಾನು ಹೇಳಲಾರೆ. ಮಹಾಪ್ರಜಾಪತಿ ಗೋತಮಿ ದೀಕ್ಷೆ ಕೇಳಿದಾಗ ಬುದ್ಧ ಮೊದಲು ಒಪ್ಪಲಿಲ್ಲವೆಂದು ವಿನಯಪಿಟಕವೇ ಹೇಳುತ್ತದೆ. ಆನಂದ ಅವಳ ಪರವಾಗಿ ವಾದಿಸಬೇಕಾಯಿತು. ಒಪ್ಪಿದಾಗ ಎಂಟು ಕಟ್ಟಳೆಗಳು ಜೊತೆಗೆ ಬಂದವು. ದೀಕ್ಷೆಯಾಗಿ ನೂರು ವರ್ಷವಾದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ಕೈಮುಗಿಯಬೇಕು ಎಂಬುದು ಅವುಗಳಲ್ಲಿ ಒಂದು. ಸೇವಾಜ್ಯೇಷ್ಠತೆಯ ಪಟ್ಟಿ ನೋಡಿ ಬೆಳೆದ ನನಗೆ ಇದು ಈಗಲೂ ನುಂಗಲಾರದ ತುತ್ತು. ಆದರೆ ಅದೇ ಸಂಘದಲ್ಲಿ ಸೋಮಾ ಎಂಬವಳು ಏನು ಮಾಡಿದಳು? ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ಆ ಎತ್ತರ ದಕ್ಕದು ಎಂದು ಮಾರ ಅವಳನ್ನು ಹೀಯಾಳಿಸಿದ. ಅನ್ನ ಬೆಂದಿದೆಯೇ ಎಂದು ಅಗುಳನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತೇವಲ್ಲ, ಅದರ ಮೇಲಿನ ಹಂಗಿಸುವಿಕೆ ಅದು. ಮನಸ್ಸು ನೆಲೆ ನಿಂತ ಮೇಲೆ ಹೆಣ್ಣುತನ ಏನು ಅಡ್ಡಿ ಮಾಡೀತು ಎಂದು ಅವಳು ತಿರುಗಿ ಕೇಳಿದಳು. ಕಟ್ಟಳೆ ಹಾಕಿದ ಮನೆಯೇ ಎದುರು ಮಾತಾಡುವ ಧೈರ್ಯವನ್ನೂ ಕೊಟ್ಟಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಈ ಪುಸ್ತಕವನ್ನು ಓದಬೇಕು.

ಇದೆಲ್ಲ ಹಳೆಯ ಕಾಲದ ಮಾತಾಗಿ ಉಳಿದಿಲ್ಲ. ನಮ್ಮ ಮುಂಡಗೋಡದಲ್ಲಿ 2016ರ ಡಿಸೆಂಬರ್‌ನಲ್ಲಿ 20 ಟಿಬೆಟನ್ ಭಿಕ್ಷುಣಿಯರು ದಲೈ ಲಾಮಾ ಅವರ ಕೈಯಿಂದ 'ಗೆಶೆಮಾ' ಪದವಿ ಪಡೆದರು. ಬೌದ್ಧ ದರ್ಶನದಲ್ಲಿ ಡಾಕ್ಟರೇಟಿಗೆ ಸಮಾನವಾದ ಈ ವಿದ್ಯೆಯ ಪದವಿ ಶತಮಾನಗಳ ಕಾಲ ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಆ ಸುದ್ದಿ ಓದಿದಾಗ ನನಗೆ ನೆನಪಾದವಳು ಪಟಾಚಾರೆ. ಸಂಘ ಆಸರೆ ಕೊಟ್ಟರಷ್ಟೇ ಸಾಲದು. ಬಂದವಳನ್ನು ಓದಿಸಬೇಕು, ಓದಿದವಳನ್ನು ಗುರುವಿನ ಪೀಠದಲ್ಲಿ ಕೂರಿಸಬೇಕು. ಆಗಲೇ ಅದು ತಬ್ಬಲಿಗಳ ಛತ್ರವಾಗದೆ ಸಂಘವಾಗುವುದು.

ಇನ್ನು ನನ್ನ ಕಿರಿಯ ಗೆಳತಿಯ ಮಾತು. ಆ ದಿನ ಎದ್ದು ಬಂದವಳು ನಾನು ತಿಂಗಳೊಪ್ಪತ್ತು ಅತ್ತ ತಲೆ ಹಾಕಲಿಲ್ಲ. ಪರೀಕ್ಷೆಯ ಕೆಲಸವಿತ್ತು ಎಂದು ನೆಪ ಹೇಳಬಹುದು; ನಿಜವೆಂದರೆ ಆ ಪ್ರಶ್ನೆಗೆ ಹೆದರಿದ್ದೆ. ಪ್ರತಿ ಸಂಜೆ ಅವಳ ಮನೆಗೆ ಹೋದವರು ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ತಾಯಿ. ಅವರು ಓದು ಬರಹ ಕಲಿತವರಲ್ಲ, ಬುದ್ಧನ ಹೆಸರನ್ನೂ ನನ್ನ ಪಾಠದಲ್ಲೇ ಕೇಳಿದವರು. ತಮ್ಮದೊಂದು ಮಗುವನ್ನು ಹಿಂದೆ ಕಳೆದುಕೊಂಡವರು. ಅವಳ ಜೊತೆ ಕೂತು ಕಾಯಿಪಲ್ಯ ಸೋಸುತ್ತ, ತಮ್ಮ ಮಗುವಿನ ಮಾತು ಹೇಳುತ್ತಿದ್ದರಂತೆ. ಅತ್ತೆ ಬಾಯಿ ತೆಗೆದರೆ, "ಯವ್ವಾ, ಜ್ವರ ಯಾರ ಮಾತು ಕೇಳಿ ಬರ್ತೈತಿ?" ಎನ್ನುತ್ತಿದ್ದರಂತೆ. ಇದನ್ನೆಲ್ಲ ಅವಳು ಮತ್ತೆ ಶಾಲೆಗೆ ಬಂದ ಮೇಲೆ ನನಗೆ ಹೇಳಿದಳು. ನಾನು ಕೊಟ್ಟದ್ದು ಕಥೆ. ಆ ತಾಯಿ ಕೊಟ್ಟದ್ದು, ಕಿಸಾಗೋತಮಿ ತನ್ನ ಹಾಡಿನ ಮೊದಲಲ್ಲೇ ಹೊಗಳಿದ ವಸ್ತು.

ಈಗಲೂ ಆ ಪಾಠ ಮಾಡುತ್ತೇನೆ. ಮಕ್ಕಳು ನೀತಿ ಹೇಳಿದ ಮೇಲೆ ಸೀಮೆಸುಣ್ಣ ಕೆಳಗಿಡುವುದಿಲ್ಲ. 'ಸರಿ, ಆಮೇಲೆ ಆಕೆ ಎಲ್ಲಿಗೆ ಹೋದಳು?' ಎಂದು ಕೇಳುತ್ತೇನೆ. ತವರಿಗೆ, ಗುಡಿಗೆ, ಬುದ್ಧನ ಹತ್ತಿರ ಎಂದು ಬಗೆಬಗೆಯ ಉತ್ತರ ಬರುತ್ತವೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾಸಿವಿ ಕೇಳಾಕ ಹೋಗಿದ್ಲಲ್ರೀ ಅಕ್ಕೋರ, ಆ ಮನಿ ಹೆಣ್ಮಕ್ಕಳ ಗುರ್ತು ಆಗಿರ್ತೈತಲ್ರೀ. ಅವರ ಹತ್ರ ಹೋಗಿರ್ತಾಳ" ಎಂದಳು. ಎಲ್ಲರೂ ನಕ್ಕರು. ನಾನು ಅವಳ ಉತ್ತರವನ್ನೇ ಕರಿಹಲಗೆಯ ಮೇಲೆ ಬರೆದೆ.