ಅರೆವಾಕ್ಚಿತ್ರದಲ್ಲಿ ನಾಯಿಯ ಅಭಿನಯ

‘ದಿ ಮಿಲಿಯನ್ ಡಾಲರ್ ಕಾಲರ್’ ಎಂಬುದು 1929ರಲ್ಲಿ ಅಮೆರಿಕದ ವಾರ್ನರ್ ಸಂಸ್ಥೆಯವರು ಹೊರತಂದ ಅಪರಾಧಕಥೆಯ ಚಿತ್ರ. ನಿರ್ದೇಶಕನು ಡಿ. ರಾಸ್ ಲೆಡರ್‌ಮನ್, ನಾಯಕಸ್ಥಾನದಲ್ಲಿರುವುದು ರಿನ್ ಟಿನ್ ಟಿನ್ ಎಂಬ ನಾಯಿ. ಕೆಲವೆಡೆ ಮಾತು, ಉಳಿದೆಡೆ ಮೌನ. ಆದುದರಿಂದ ಇದು ಅರೆವಾಕ್ಚಿತ್ರ. ಕದ್ದ ಕಂಠಹಾರವು ನಾಯಿಯ ಕೊರಳಪಟ್ಟಿಯಲ್ಲಿ ಅಡಗಿರುವುದೇ ಕಥೆಯ ಬೀಜ.

ಈ ಬೀಜದಲ್ಲಿಯೇ ರೂಪದ ವಿರೋಧವೂ ಅಡಗಿದೆ. ಗುಟ್ಟನ್ನು ಹೊತ್ತ ಪಾತ್ರವು ಅದನ್ನು ನುಡಿಯಲಾರದು. ಮೂಕಚಿತ್ರದಲ್ಲಿ ಇದು ಕೊರತೆಯಲ್ಲ. ಅಲ್ಲಿ ಮನುಷ್ಯನೂ ಮೂಕನೇ. ಅವನು ಬಾಯಿ ತೆರೆದೊಡನೆ ಆ ಸಮತೆ ಮುರಿಯುತ್ತದೆ.

ಕನ್ನಡಿಗರಿಗೆ ಇಲ್ಲಿ ಆತಕೂರಿನ ಶಾಸನವು ನೆನಪಾಗದಿರದು. ಶಕ 872ರ ಆ ಕಲ್ಲಿನಲ್ಲಿ ಕಾಳಿಯೆಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರುವ ಶಿಲ್ಪವಿದೆ. ಎರಡೂ ಮಡಿದ ಸಂಗತಿಯನ್ನು ಅಕ್ಷರಗಳು ತಿಳಿಸುತ್ತವೆ. ಶಿಲ್ಪವು ಕೃತ್ಯವನ್ನು ತೋರಿ ಬರೆಹವು ಹೆಸರನ್ನು ಹೇಳುವ ಈ ಹಂಚಿಕೆಯೇ ಮೂಕಚಿತ್ರದ ಹಂಚಿಕೆಯೂ ಆಗಿದ್ದಿತು. ಎರಡರಲ್ಲಿಯೂ ಪ್ರಾಣಿಯ ಗೌರವವು ಅದರ ಕೃತ್ಯದಿಂದಲೇ ಸಿದ್ಧಿಸುತ್ತದೆ.

ವಾಕ್ಚಿತ್ರಗಳ ಭರದಲ್ಲಿ ವಾರ್ನರ್ ಸಂಸ್ಥೆಯವರು 1929ರ ಕೊನೆಗೆ ಈ ನಾಯಿಯನ್ನು ಕೈಬಿಟ್ಟರು. ಮರುವರ್ಷವೇ ಅದು ಮ್ಯಾಸ್ಕಟ್ ಸಂಸ್ಥೆಯ ‘ದಿ ಲೋನ್ ಡಿಫೆಂಡರ್’ ಎಂಬ ಮಾತಿನ ಧಾರಾವಾಹಿಚಿತ್ರದಲ್ಲಿ ನಟಿಸಿತು. ಆದುದರಿಂದ ದೋಷವು ನಾಯಿಯ ಮೌನದಲ್ಲಿರಲಿಲ್ಲ. ನುಡಿಯೇ ಅಭಿನಯದ ಸರ್ವಸ್ವವೆಂದು ಬಗೆದ ರುಚಿಯಲ್ಲಿದ್ದಿತು. ನಾಟ್ಯಶಾಸ್ತ್ರವು ಹೇಳುವ ನಾಲ್ಕು ಅಭಿನಯಗಳಲ್ಲಿ ವಾಚಿಕವು ಒಂದು ಮಾತ್ರ. ಆಂಗಿಕಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಆತಕೂರಿನ ಕಲ್ಕುಟಿಗನು ಅರಿತಿದ್ದನು.