ತೂಗಿದ ನಿದ್ದೆ ಕೀಳೇ?

ಎಳೆಮಗುವಿನ ಹಗಲು ನಿದ್ದೆಯ ಮಾತು ಬಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಅಮೆರಿಕದ ಕನ್ನಡ ಮನೆಗಳಲ್ಲೂ ಕೈಯಿಂದ ಕೈಗೆ ದಾಟುವ ಪುಸ್ತಕಗಳಲ್ಲೊಂದು ‘ಹೆಲ್ತಿ ಸ್ಲೀಪ್ ಹ್ಯಾಬಿಟ್ಸ್, ಹ್ಯಾಪಿ ಚೈಲ್ಡ್’. ಷಿಕಾಗೋದ ಮಕ್ಕಳ ವೈದ್ಯ ಮಾರ್ಕ್ ವೈಸ್‌ಬ್ಲೂತ್ ಬರೆದದ್ದು, 1987ರಲ್ಲಿ ಬಂದದ್ದು. ರಾತ್ರಿ ಅಳಲು ಬಿಡಬೇಕೇ ಬೇಡವೇ ಎಂಬ ಹಳೇ ಜಗಳಕ್ಕೆ ನಾನು ಹೋಗುವುದಿಲ್ಲ. ಹಗಲು ನಿದ್ದೆಯ ವಿಷಯದಲ್ಲಿ ಈ ಪುಸ್ತಕದ ಕೀರ್ತಿ ಅದರ ಯೋಗ್ಯತೆಯನ್ನು ಮೀರಿ ಬೆಳೆದಿದೆ ಎಂಬುದಷ್ಟೇ ನನ್ನ ತಕರಾರು.

ಅವರ ಒಂದು ಸಲಹೆಯನ್ನೇ ನೋಡಿ. ತೂಗಿ ಮಲಗಿಸಿದರೆ ಅಡ್ಡಿಯಿಲ್ಲ, ಆದರೆ ನಿದ್ದೆ ಹತ್ತಿದ ಮೇಲೆ ಅಲುಗಾಟ ನಿಲ್ಲಬೇಕು. ಅಲುಗುತ್ತಲೇ ಇರುವ ನಿದ್ದೆ ಗಾಢವಾಗದು, ದಣಿವು ಆರಿಸದು ಎನ್ನುತ್ತಾರೆ. ಓದಲು ಅಚ್ಚುಕಟ್ಟು. ಆದರೆ ಎಳೆಕೂಸಿನ ನಿದ್ದೆಯ ಒಂದು ಸುತ್ತು ಸುಮಾರು ಐವತ್ತು ನಿಮಿಷದ್ದು. ಸುತ್ತು ಮುಗಿಯುವಾಗ ಕೂಸು ಅರೆ ಎಚ್ಚರಕ್ಕೆ ಬರುತ್ತದೆ, ಕೈಕಾಲು ಆಡಿಸುತ್ತದೆ. ಕಣ್ಣು ಮುಚ್ಚುವಾಗ ಇದ್ದ ತೂಗಾಟ ಆಗ ಇಲ್ಲ! ಪೂರ್ತಿ ಎದ್ದು ಅಳದೆ ಇನ್ನೇನು ಮಾಡೀತು? ಮಲಗುವಾಗಿನ ಸ್ಥಿತಿಯೇ ನಡುವಿನ ಎಚ್ಚರದಲ್ಲೂ ಸಿಗಬೇಕು ಎಂದು ಮಕ್ಕಳ ನಿದ್ದೆಯ ತಜ್ಞ ರಿಚರ್ಡ್ ಫರ್ಬರ್ 1985ರಲ್ಲೇ ವಿವರಿಸಿದ್ದರು. ತೂಗಲೇಬೇಡಿ ಎಂದರೆ ಅದಕ್ಕೊಂದು ತರ್ಕವಿದೆ, ತೂಗುತ್ತಲೇ ಇರಿ ಎಂದರೂ ಇದೆ. ತೂಗಿ, ಆಮೇಲೆ ನಿಲ್ಲಿಸಿ ಎನ್ನುವುದು ಅಭ್ಯಾಸ ಹಿಡಿಸಿ ಅದನ್ನೇ ಕಸಿದುಕೊಂಡಂತೆ. ಗಿಡ್ಡ ನಿದ್ದೆಗೆ ಹೀಗೆ ದಾರಿ ಮಾಡಿಕೊಟ್ಟ ಪುಸ್ತಕವೇ ಮುಂದೆ, ಹಗಲು ನಿದ್ದೆಗೆ ಹಾಕಿದ ಮಗು ಅತ್ತರೆ ಒಂದು ಗಂಟೆಯವರೆಗೂ ಬಿಡಬಹುದು ಎನ್ನುತ್ತದೆ. ರಾತ್ರಿಯ ಹಾಗೆ ಹಗಲಲ್ಲಿ ನಿದ್ದೆಯ ಒತ್ತಡ ಮಗುವಿನ ಬೆನ್ನಿಗಿರುವುದಿಲ್ಲ. ಆ ಗಂಟೆ ಬಹುಪಾಲು ಅಳುವಿನಲ್ಲೇ ಕಳೆಯುತ್ತದೆ.

ಇಷ್ಟು ಹೇಳಿದ ಕೂಡಲೇ ನಮ್ಮ ಜೋಲಿಭಕ್ತರು ಚಪ್ಪಾಳೆ ತಟ್ಟುತ್ತಾರೆ. ಅವರ ಜೊತೆಗೂ ನನಗೆ ಜಗಳವಿದೆ, ಬಹುಶಃ ಇನ್ನೂ ದೊಡ್ಡದು. ಅಜ್ಜಿಯರಿಗೆ ಎಲ್ಲ ಗೊತ್ತಿತ್ತು ಎಂದು ಬರೆಯುವ ಇವರು 2011ರ ಜಿನೀವಾದ ಪ್ರಯೋಗವನ್ನು ಮುಂದೆ ಹಿಡಿಯುತ್ತಾರೆ. ಅಲ್ಲಿ ತೂಗುಮಂಚದ ಮೇಲೆ ಮಧ್ಯಾಹ್ನ 45 ನಿಮಿಷ ಮಲಗಿದವರು ಬೇಗ ನಿದ್ದೆಹೋದರು, ನಿದ್ದೆ ಆಳವಾಯಿತು, ನಿಜ. ತೂಗಿದ ನಿದ್ದೆ ಕೀಳೆಂಬ ಮಾತನ್ನು ಸಡಿಲಿಸಲು ಅಷ್ಟು ಸಾಕು. ಆದರೆ ಮಲಗಿದವರು ಹನ್ನೆರಡು ಮಂದಿ ಬೆಳೆದ ಗಂಡಸರು! ಅದರಿಂದ ಮೂರು ತಿಂಗಳ ಕೂಸಿನ ಸೀರೆಜೋಲಿಗೆ ಸರ್ಟಿಫಿಕೇಟ್ ಸಿಗುವುದಿಲ್ಲ. ಬಾಗಿದ ಬಟ್ಟೆಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗಬಹುದು; ಮಕ್ಕಳ ವೈದ್ಯರು ಗಟ್ಟಿಯಾದ, ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಎನ್ನುವುದು ಸುಮ್ಮನಲ್ಲ. ಸ್ವಲ್ಪ ಬೆಳೆದ ಮಕ್ಕಳು ಸೀರೆಜೋಲಿಯಲ್ಲಿ ಆಡುತ್ತಾ ಕುತ್ತಿಗೆಗೆ ಸುತ್ತಿಕೊಂಡು ಸತ್ತ ಸುದ್ದಿಗಳನ್ನು ನಾವೇ ಪತ್ರಿಕೆಗಳಲ್ಲಿ ಓದಿದ್ದೇವೆ. ಮೇಲಾಗಿ, ಜೋಲಿಯ ಉದ್ದ ನಿದ್ದೆ ಬಟ್ಟೆಯ ಮಹಿಮೆಯಲ್ಲ. ಕೂಸು ಮಿಸುಕಿದೊಡನೆ, ಅಕ್ಕಿ ಆರಿಸುತ್ತಲೇ ಹಗ್ಗ ಎಳೆಯುತ್ತಿದ್ದ ಹೆಂಗಸಿನ ದುಡಿಮೆ ಅದು. ಆ ದುಡಿಮೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪ್ರಬಂಧಗಳು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಜೋಲಿ ಕಟ್ಟಿಕೊಳ್ಳಿ ಎಂದು ಉಪದೇಶ ಮಾಡುವುದು ನನಗೆ ಅಶ್ಲೀಲವಾಗಿ ಕಾಣುತ್ತದೆ.

ವೈಸ್‌ಬ್ಲೂತ್‌ರಿಗೆ ಸಲ್ಲಬೇಕಾದದ್ದೂ ಇದೆ: ಸಮಯಪ್ರಜ್ಞೆ. ಕಣ್ಣು ಉಜ್ಜಿ, ರಚ್ಚೆ ಹಿಡಿದ ಮೇಲೆ ಮಲಗಿಸುವುದು ತಡವಾಯಿತು. ನೋಟ ಮಂಕಾಗಿ ಆಟ ನಿಧಾನವಾದಾಗಲೇ ಕೋಣೆ ಕತ್ತಲು ಮಾಡಿ ಮಲಗಿಸಿ ಎಂಬ ಅವರ ಪಾಠ ಚೆನ್ನಾಗಿದೆ. ಐದಾರು ತಿಂಗಳಿಗೆ ಹಗಲು ನಿದ್ದೆ ಎಷ್ಟೋ ಕೂಸುಗಳಲ್ಲಿ ತಾನಾಗಿಯೇ ಉದ್ದವಾಗುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಪುಸ್ತಕಕ್ಕೆ ಹೆಸರು ಬರುತ್ತದೆ.