ಫೈಲ್ ವ್ಯವಸ್ಥೆಯ ಪ್ರವೇಶವೂ ಇಂಟರ್‌ಫೇಸಿನ ಸ್ಥಿರತೆಯೂ: ಒಂದು ವಿಮರ್ಶೆ

ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ದೊರೆತ ಗಂಗರ ಕಾಲದ ತಾಮ್ರಶಾಸನಗಳನ್ನು ವಿದ್ವಾಂಸರು ‘ನೆಲಮಂಗಲ 60’, ‘ನೆಲಮಂಗಲ 61’ ಎಂದು ಉಲ್ಲೇಖಿಸುವುದು ರೂಢಿ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟ ಕೊಟ್ಟ ಸಂಖ್ಯೆಗಳಿವು. ಶಾಸನದ ಪಾಠವನ್ನು ತಿದ್ದಬಹುದು, ಕಾಲನಿರ್ಣಯವನ್ನು ಪ್ರಶ್ನಿಸಬಹುದು. ಸಂಖ್ಯೆಯನ್ನು ಬದಲಾಯಿಸುವುದು ಸುಲಭವಲ್ಲ. ಅದನ್ನು ನಂಬಿ ಬರೆದ ಗ್ರಂಥಗಳು ಸಂಪಾದಕನ ಅಧೀನದಲ್ಲಿಲ್ಲವಷ್ಟೆ. ಪರಿಷ್ಕೃತ ಆವೃತ್ತಿಯಲ್ಲಿ 9ನೆಯ ಸಂಪುಟವು ಬೇಲೂರು ತಾಲ್ಲೂಕಿಗೆ ಸಂದಿತು (1990). ಅಂದಿನಿಂದ ಬರಿಯ ‘9ನೆಯ ಸಂಪುಟ’ ಎಂಬ ಉಲ್ಲೇಖವನ್ನು ಕಂಡ ವಿದ್ಯಾರ್ಥಿಯು, ಆವೃತ್ತಿ ಯಾವುದೆಂದು ಮೊದಲು ವಿಚಾರಿಸಬೇಕಾಗಿದೆ.

ಗಣಕಯಂತ್ರದ ಕರ್ನೆಲ್‌ನಲ್ಲಿಯೂ ಇದೇ ಬಗೆಯ ಸಮಸ್ಯೆಯುಂಟು. ಯಂತ್ರಕ್ಕೂ ಬಳಕೆಯ ಪ್ರೋಗ್ರಾಂಗಳಿಗೂ ನಡುವೆ ನಿಂತು ನಿರ್ವಹಿಸುವ ಮೂಲ ತಂತ್ರಾಂಶವೇ ಕರ್ನೆಲ್. ಪ್ರೋಗ್ರಾಂ ತನಗೆ ಬೇಕಾದ ಸೇವೆಯನ್ನು ಸಿಸ್ಟಂ ಕಾಲ್ ಮೂಲಕ ಕೇಳುತ್ತದೆ. ಪ್ರತಿಯೊಂದು ಕಾಲ್‌ಗೂ ಒಂದು ಸಂಖ್ಯೆಯೂ ಆರ್ಗ್ಯುಮೆಂಟುಗಳ ಒಂದು ಕ್ರಮವೂ ಇರುತ್ತವೆ. ಕರ್ನೆಲ್‌ನ ಒಳರಚನೆ ಎಷ್ಟು ಬಾರಿ ಬೇಕಾದರೂ ಬದಲಾಗಲಿ. ಹೊರಗಿನವರಿಗೆ ಕೊಟ್ಟ ಈ ಇಂಟರ್‌ಫೇಸ್ ಬದಲಾಗಕೂಡದು. ಹಾಗಾದರೆ ಹೊಸ ಫೈಲ್ ವ್ಯವಸ್ಥೆಯೊಂದನ್ನು ಸೇರಿಸಿಕೊಳ್ಳುವ ಮುನ್ನ ಯಾವುದನ್ನು ನಿಷ್ಕರ್ಷಿಸಬೇಕು, ಯಾವುದನ್ನು ಮುಂದಕ್ಕೆ ಬಿಡಬಹುದು? ಇದು ಪ್ರಕೃತ ವಿಷಯ.

ಲಿನಕ್ಸ್‌ನ ಎಕ್ಸ್ಟ್4 ಇದಕ್ಕೆ ಉತ್ತಮ ನಿದರ್ಶನ. ಫೈಲಿಗೆ ಬೇಕಾದ ಸ್ಥಳವನ್ನು ಡಿಸ್ಕಿನಲ್ಲಿ ಮುಂಗಡವಾಗಿ ಕಾಯ್ದಿರಿಸಿದರೆ, ಬರೆಯುತ್ತಿರುವಾಗ ನಡುವೆಯೇ ಸ್ಥಳ ಮುಗಿದುಹೋಗುವ ಭಯವಿಲ್ಲ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಇದಕ್ಕೆ ಮೊದಲೇ ಒಂದು ಸ್ವಂತ ಆದೇಶವಿತ್ತು. ಆದರೆ ಅದನ್ನು ನಂಬಿದ ಪ್ರೋಗ್ರಾಂ ಬೇರೆಡೆ ನಡೆಯದು. ಎಕ್ಸ್ಟ್4ಕ್ಕೂ ಇನ್ನೊಂದು ಸ್ವಂತ ಆದೇಶವನ್ನು ಕೊಡುವ ಬದಲು, ಎಲ್ಲಕ್ಕೂ ಸಮಾನವಾದ ‘ಫಾಲೊಕೇಟ್’ ಎಂಬ ಸಿಸ್ಟಂ ಕಾಲ್ ರೂಪುಗೊಂಡಿತು. ಇದನ್ನು ರಚಿಸಿದವರು ಐಬಿಎಂನ ಭಾರತ ಶಾಖೆಯ ಅಮಿತ್ ಅರೋರಾ. 2007ರ ಅಕ್ಟೋಬರಿನಲ್ಲಿ ಹೊರಬಂದ 2.6.23ನೆಯ ಕರ್ನೆಲ್‌ನಲ್ಲಿ ಅದು ಸೇರಿತು. 32 ಬಿಟ್‌ನ ಎಕ್ಸ್86 ಯಂತ್ರದಲ್ಲಿ ಅದರ ಸಂಖ್ಯೆ 324. 64 ಬಿಟ್‌ನದರಲ್ಲಿ 285.

ಸೇರುವ ಮುನ್ನ ನಾಲ್ಕು ಆರ್ಗ್ಯುಮೆಂಟುಗಳ ಕ್ರಮದ ಮೇಲೆಯೇ ದೀರ್ಘ ಚರ್ಚೆ ನಡೆಯಿತು. 32 ಬಿಟ್ ಯಂತ್ರದಲ್ಲಿ 64 ಬಿಟ್‌ನ ಬೆಲೆಗೆ ಎರಡು ರಿಜಿಸ್ಟರು ಬೇಕು. ಆ ಜೋಡಿ ಸಮಸಂಖ್ಯೆಯ ರಿಜಿಸ್ಟರಿನಿಂದಲೇ ಮೊದಲಾಗಬೇಕೆಂಬ ನಿಯಮ ಕೆಲವು ಯಂತ್ರಗಳದು. ಅವಕ್ಕೆ ಒಪ್ಪುವ ಕ್ರಮ ಎಸ್390 ಯಂತ್ರಕ್ಕೆ ಒಪ್ಪದು. ಕೊನೆಗೆ ಫೈಲು, ವಿಧಾನ, ಆರಂಭಸ್ಥಾನ, ಉದ್ದ ಎಂಬ ಕ್ರಮ ನಿಂತಿತು. ಎಸ್390ಕ್ಕೆ ಪ್ರತ್ಯೇಕ ಹೊದಿಕೆಯನ್ನು ಬರೆಯಲಾಯಿತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಾಲವೇಕೆ ಎಂದು ಆಕ್ಷೇಪಿಸಬಹುದು. ಆದರೆ ತಿದ್ದುಪಡಿಗೆ ಅವಕಾಶವಿಲ್ಲದೆಡೆ ಸಣ್ಣ ವಿಷಯವೆಂಬುದಿಲ್ಲ.

ಬಳಸಿ ನೋಡದೆ ಇಂಟರ್‌ಫೇಸಿನ ದೋಷ ತಿಳಿಯದು, ಆದುದರಿಂದ ಮೊದಲು ಸೇರಿಸಿ ಆಮೇಲೆ ತಿದ್ದಬೇಕು ಎಂಬ ವಾದವೊಂದುಂಟು. ಇದರ ಪೂರ್ವಾರ್ಧ ಸತ್ಯ, ಉತ್ತರಾರ್ಧ ಅಗ್ರಾಹ್ಯ. ಫಾಲೊಕೇಟ್ ಹಿಡಿದ ದಾರಿ ಬೇರೆ. ಒಮ್ಮತವಾದಷ್ಟನ್ನು ಮಾತ್ರ ಅಂಗೀಕರಿಸಿ, ‘ವಿಧಾನ’ವೆಂಬ ಆರ್ಗ್ಯುಮೆಂಟಿನಲ್ಲಿ ಮುಂದಿನ ಬೆಳವಣಿಗೆಗೆ ತೆರಪು ಉಳಿಸಲಾಯಿತು. ಫೈಲಿನ ನಡುವಣ ಸ್ಥಳವನ್ನು ಬಿಡಿಸುವ ಕ್ರಿಯೆ 2011ರಲ್ಲಿ ಆ ತೆರಪಿನಲ್ಲಿಯೇ ಸೇರಿತು. ಹಳೆಯ ಪ್ರೋಗ್ರಾಂಗಳಿಗೆ ಬಾಧೆ ಬರಲಿಲ್ಲ. ಆದರೆ ಆ ಸೌಕರ್ಯಕ್ಕಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಈ ಕ್ರಮಕ್ಕೆ ತೆತ್ತ ಬೆಲೆಯನ್ನೂ ಮರೆಯತಕ್ಕದ್ದಲ್ಲ.

ಎಕ್ಸ್ಟ್4ನ ಪ್ರವೇಶದಲ್ಲಿಯೂ ಈ ವಿವೇಕ ಕಾಣುತ್ತದೆ. 2006ರಲ್ಲಿ ಅದು ‘ಎಕ್ಸ್ಟ್4ಡೆವ್’ ಎಂಬ ತಾತ್ಕಾಲಿಕ ಹೆಸರಿನಿಂದ ಸೇರಿತು. ಡಿಸ್ಕಿನ ಮೇಲಣ ರೂಪ ಇನ್ನೂ ಬದಲಾಗಬಹುದೆಂದು ಆ ಹೆಸರೇ ಎಚ್ಚರಿಸುತ್ತಿತ್ತು. 2008ರ ಡಿಸೆಂಬರಿನ 2.6.28ರಲ್ಲಿ ಆ ಪ್ರತ್ಯಯ ಬಿದ್ದುಹೋಯಿತು.

ಒಟ್ಟಿನಲ್ಲಿ, ಒಳಗಣದು ಅಪೂರ್ಣವಾಗಿದ್ದರೂ ಪ್ರವೇಶ ಕೊಡಬಹುದು, ಅಪೂರ್ಣವೆಂದು ಅದರ ಹೆಸರೇ ಸಾರುವುದಾದರೆ. ಪರರು ನಂಬಿ ನಡೆಯುವುದನ್ನು ಮಾತ್ರ ಮೊದಲೇ ನಿಷ್ಕರ್ಷಿಸಬೇಕು. ರೈಸರ ಓದಿನಲ್ಲಿ ತಪ್ಪು ಕಂಡರೆ ನಾವು ತಿದ್ದಿಕೊಳ್ಳಬಹುದು. ‘ನೆಲಮಂಗಲ 60’ ಇಂದು ಒಂದು, ನಾಳೆ ಇನ್ನೊಂದು ಆದರೆ, ತಿದ್ದಬೇಕಾದುದು ಯಾವುದೆಂಬುದೇ ತಿಳಿಯದೆ ಹೋದೀತು.